ಕಾಣದ ಬ್ಯಾಟಿಗೆ ಕೂಗಿದ ಬೆಲೆ

ನಮ್ಮ ಊರಿಗೆ ಫ್ಲೋರಲ್ ಪಾರ್ಕ್ ಎಂಬ ಹೆಸರು ಹೇಗೆ ಬಂತು ಎಂದು ಭಾನುವಾರದ ಕನ್ನಡ ತರಗತಿಯಲ್ಲಿ ಕೇಳಿದರೆ, ಮಕ್ಕಳು "ಇಲ್ಲಿ ಹೂವು ಜಾಸ್ತಿ ಇತ್ತೇನೋ" ಎನ್ನುತ್ತಾರೆ. ಅದು ಅರ್ಧ ಮಾತ್ರ ಸರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಈಸ್ಟ್ ಹಿನ್ಸ್‌ಡೇಲ್ ಎಂಬ ಸಣ್ಣ ಜಾಗ. ಜಾನ್ ಲೂಯಿಸ್ ಚೈಲ್ಡ್ಸ್ ಎಂಬುವರು ಇಲ್ಲಿ ಹೂವಿನ ಬೀಜ, ಗೆಡ್ಡೆಗಳನ್ನು ಬೆಳೆದು ಅಂಚೆಯ ಮೂಲಕ ಮಾರುತ್ತಿದ್ದರು. ಬಣ್ಣದ ಚಿತ್ರಗಳಿದ್ದ ಕ್ಯಾಟಲಾಗನ್ನು ದೇಶದ ಮೂಲೆ ಮೂಲೆಗೂ ಕಳಿಸುವುದು, ದುಡ್ಡು ಬಂದ ಮೇಲೆ ಬೀಜದ ಪೊಟ್ಟಣ ಕಳಿಸುವುದು. ಕೊಳ್ಳುವವರು ಚೈಲ್ಡ್ಸ್ ಅವರನ್ನು ಕಂಡವರಲ್ಲ, ಅವರ ಹೊಲವನ್ನೂ ಕಂಡವರಲ್ಲ. ಚಿತ್ರ ನೋಡಿ ದುಡ್ಡು ಕಳಿಸಿದರು, ಬೀಜ ಬಂತು, ಹೂವು ಬಿಟ್ಟಿತು. ಊರಿಗೆ ಆ ವ್ಯಾಪಾರದಿಂದಲೇ ಹೆಸರು ಬಂತು.

ಕಾಣದವರಿಗೆ ದುಡ್ಡು ಕಳಿಸಿ ವಸ್ತು ತರಿಸುವುದು ಹೊಸ ವಿದ್ಯೆಯೇನಲ್ಲ ಎಂದು ತೋರಿಸಲು ಇಷ್ಟು ಹೇಳಿದೆವು. ಈ ಲೇಖನ ಹೂವಿನ ಬಗ್ಗೆ ಅಲ್ಲ. ಕಳೆದ ಚಳಿಗಾಲದಲ್ಲಿ ನಮ್ಮ ತರಗತಿಯ ಒಬ್ಬ ಹುಡುಗ ಅಂತರ್ಜಾಲದ ಹರಾಜಿನಲ್ಲಿ ಕ್ರಿಕೆಟ್ ಬ್ಯಾಟ್ ಕೊಳ್ಳಲು ಹೋಗಿ 285 ಡಾಲರ್ ಕಳೆದುಕೊಂಡ. ಅವನ ಮತ್ತು ಮನೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಅದನ್ನೇ ಪಾಠವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಹುಡುಗನಿಗೆ ಕ್ರಿಕೆಟ್ ಹುಚ್ಚು ಹಿಡಿದದ್ದು 2024ರ ಜೂನ್ 9ರಂದು. ಅಂದು ಇಲ್ಲಿಂದ ಅರ್ಧ ಗಂಟೆಯ ದಾರಿಯ ಐಸೆನ್‌ಹೋವರ್ ಪಾರ್ಕಿನ ತಾತ್ಕಾಲಿಕ ಕ್ರೀಡಾಂಗಣದಲ್ಲಿ ಭಾರತ-ಪಾಕಿಸ್ತಾನದ ಟಿ-20 ವಿಶ್ವಕಪ್ ಪಂದ್ಯ. ಭಾರತ 119ಕ್ಕೆ ಆಲೌಟ್ ಆಗಿ, ಆರು ರನ್ನುಗಳಿಂದ ಗೆದ್ದ ಪಂದ್ಯ. ತಂಡದ ಕೋಚ್ ನಮ್ಮ ರಾಹುಲ್ ದ್ರಾವಿಡ್. ನಮ್ಮಲ್ಲಿ ಹಲವು ಮನೆಯವರು ಹೋಗಿದ್ದೆವು; ಗಂಟಲು ಸರಿಯಾಗಲು ಎರಡು ದಿನ ಬೇಕಾಯಿತು. ಅಲ್ಲಿನ ಪಂದ್ಯಗಳು ಮುಗಿದ ಮೇಲೆ ಗ್ಯಾಲರಿಗಳನ್ನೆಲ್ಲ ಬಿಚ್ಚಿ ಸಾಗಿಸಿದರು, ಆದರೆ ಹುಡುಗನ ಹುಚ್ಚು ಮಾತ್ರ ಉಳಿಯಿತು. ಅವನ ತಾತ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಎಂದರೆ ಅವರಿಗೆ ಮನೆಯ ಮಗನಿದ್ದಂತೆ. ಫೋನಿನಲ್ಲಿ ಮೊಮ್ಮಗನ ಜೊತೆ ಮಾತು ಎಲ್ಲಿಂದ ಶುರುವಾದರೂ 1975ರ ಜನವರಿಯ ಮದರಾಸಿನ ಟೆಸ್ಟಿಗೆ ಬಂದು ನಿಲ್ಲುತ್ತಿತ್ತು. ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಉರುಳಿಸಿದ ದಿನ, ವಿಶಿ ಒಬ್ಬರೇ ನಿಂತು ಆಡಿದ ಇನಿಂಗ್ಸ್ ಅದು. ಕೊನೆಗೆ ಭಾರತ 100 ರನ್ನುಗಳಿಂದ ಗೆದ್ದಿತು. ತಾತ ಅದನ್ನು ನೋಡಿದವರಲ್ಲ, ಟ್ರಾನ್ಸಿಸ್ಟರಿನಲ್ಲಿ ಕೇಳಿದವರು.

ತಾತ ಏಪ್ರಿಲ್‌ನಲ್ಲಿ ಇಲ್ಲಿಗೆ ಬರುವವರಿದ್ದರು. ಜನವರಿಯಲ್ಲಿ ಹುಡುಗನ ಕಣ್ಣಿಗೆ ಒಂದು ಹರಾಜು ಬಿತ್ತು: ವಿಶ್ವನಾಥ್ ಅವರು ಅದೇ ಟೆಸ್ಟಿನಲ್ಲಿ ಆಡಿದ ಬ್ಯಾಟ್, ಅವರದೇ ಹಸ್ತಾಕ್ಷರ, ಜೊತೆಗೆ ಅಸಲಿ ಎಂಬ ಪ್ರಮಾಣಪತ್ರ. ಹುಟ್ಟುಹಬ್ಬಕ್ಕೆ ಬಂದ ದುಡ್ಡು, ಬೀದಿಯವರ ಮನೆ ಮುಂದಿನ ಹಿಮ ಎತ್ತಿ ಗಳಿಸಿದ ದುಡ್ಡು ಸೇರಿ ಅವನ ಬಳಿ ಮುನ್ನೂರು ಡಾಲರ್ ಇತ್ತು. ಇನ್ನೂರ ತೊಂಬತ್ತರವರೆಗೆ ಕೂಗಿದ. ಕೊನೆಯ ನಿಮಿಷದಲ್ಲಿ ಬೇರೆಯವರು ಮುನ್ನೂರ ಹತ್ತಕ್ಕೆ ಕೊಂಡುಕೊಂಡರು. ಅತ್ತುಕೊಂಡು ಮಲಗಿದ.

ಮಾರನೆಯ ದಿನ ಒಂದು ಇ-ಮೇಲ್ ಬಂತು. ಗೆದ್ದವರು ದುಡ್ಡು ಕೊಡಲಿಲ್ಲ, ನಿಮ್ಮ ಕೂಗು ಎರಡನೆಯದು, 285ಕ್ಕೆ ನಿಮಗೇ ಕೊಡುತ್ತೇವೆ, ಆದರೆ ತಾಣದ ಶುಲ್ಕ ಉಳಿಸಲು ನೇರವಾಗಿ ನಮ್ಮ ಖಾತೆಗೆ ಕಳಿಸಿ, ಸಂಜೆಯೊಳಗೆ ಆಗಬೇಕು ಎಂದಿತ್ತು. ಹುಡುಗ ಕಾಲೇಜಿನಲ್ಲಿ ಓದುವ ಚಿಕ್ಕಪ್ಪನ ಮಗನಿಗೆ ನಗದು ಕೊಟ್ಟು, ಅವನ ಫೋನಿನಿಂದ ದುಡ್ಡು ಕಳಿಸಿದ. ಅಮ್ಮನಿಗೆ ಹೇಳಲಿಲ್ಲ, ತಾತನಿಗೆ ಕೊಡುವವರೆಗೂ ಗುಟ್ಟಾಗಿರಬೇಕು ಎಂಬ ಆಸೆ.

ಬ್ಯಾಟ್ ಬರಲಿಲ್ಲ. ಶಾಲೆಯಿಂದ ಬಂದವನೇ ಅಂಚೆ ಪೆಟ್ಟಿಗೆಗೆ ಓಡುವುದನ್ನು ಅಮ್ಮ ಏಳು ವಾರ ನೋಡಿದರು. ಏಳನೆಯ ವಾರ ಕೇಳಿದಾಗ ಎಲ್ಲ ಹೊರಬಂತು. ಬ್ಯಾಂಕಿನವರು, ಖಾತೆದಾರರೇ ಒಪ್ಪಿ ಕಳಿಸಿದ ದುಡ್ಡು, ವಾಪಸು ತರಿಸಲಾಗುವುದಿಲ್ಲ ಎಂದರು. ಹರಾಜು ತಾಣದವರು, ವ್ಯವಹಾರ ತಾಣದ ಹೊರಗೆ ನಡೆದಿದೆ, ನಮ್ಮ ರಕ್ಷಣೆ ಇದಕ್ಕೆ ಅನ್ವಯಿಸುವುದಿಲ್ಲ ಎಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಹಾಗೆ, ಮಾರುವವನ ಇ-ಮೇಲ್ ವಿಳಾಸವೂ ಅಷ್ಟು ಹೊತ್ತಿಗೆ ಸತ್ತಿತ್ತು.

ಈ ಇ-ಮೇಲ್ ಹರಾಜು ಮೋಸಗಳಲ್ಲಿ ಬಹಳ ಹಳೆಯದು. ಸೋತವರಿಗೆ ಎರಡನೆಯ ಅವಕಾಶ ಕೊಡುವುದು ದೊಡ್ಡ ತಾಣಗಳಲ್ಲಿ ನಿಜವಾಗಿಯೂ ಇರುವ ಪದ್ಧತಿ. ಆದರೆ ನಿಜವಾದ ಅವಕಾಶ ತಾಣದ ಒಳಗೆ, ನಿಮ್ಮ ಖಾತೆಯ ಸಂದೇಶಗಳಲ್ಲಿ ಕಾಣಿಸುತ್ತದೆ, ದುಡ್ಡೂ ಅಲ್ಲಿಯೇ ಕಟ್ಟಬೇಕು. ಇ-ಮೇಲ್ ಮಾತ್ರ ಬಂದಿದ್ದರೆ, ಅದರಲ್ಲಿರುವ ಕೊಂಡಿಯನ್ನು ಒತ್ತದೆ, ತಾಣಕ್ಕೆ ನೀವೇ ಹೋಗಿ ನೋಡಬೇಕು. ಅಲ್ಲಿ ಏನೂ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಸೋತ ನೋವಿನಲ್ಲಿರುವವರನ್ನೇ ಹುಡುಕಿಕೊಂಡು ಬರುವ ಮೋಸ ಇದು. ದೊಡ್ಡವರೇ ಬೀಳುತ್ತಾರೆ, ಹದಿನಾಲ್ಕು ವರ್ಷದ ಹುಡುಗನನ್ನು ಬೈದು ಏನು ಪ್ರಯೋಜನ?

ನಮ್ಮ ಊರುಗಳ ಹರಾಜು ಹೀಗಿರಲಿಲ್ಲ. ಮಲೆನಾಡಿನ ಅಡಿಕೆ ಮಂಡಿಯಲ್ಲಿ ವ್ಯಾಪಾರಿ ಚೀಲಕ್ಕೆ ಕೈ ಹಾಕಿ, ನಾಲ್ಕು ಅಡಿಕೆ ತೆಗೆದು, ಒಡೆದು ನೋಡಿ, ಆಮೇಲೆ ಬೆಲೆ ಬರೆಯುತ್ತಾನೆ. ದೇವಸ್ಥಾನದ ಮುಂದೆ ತೆಂಗಿನಕಾಯಿ ಸವಾಲಿಗೆ ಹಾಕಿದರೆ ಕೂಗುವವರ ಮುಖ ಎಲ್ಲರಿಗೂ ಕಾಣುತ್ತದೆ. ಅಂತರ್ಜಾಲದ ಹರಾಜು ನೀರಿನಲ್ಲಿರುವ ಎಮ್ಮೆಗೆ ದಡದಲ್ಲಿ ವ್ಯಾಪಾರ ಮಾಡಿದ ಹಾಗೆ. ಎಮ್ಮೆಯೂ ಕಾಣದು, ಮಾರುವವನೂ ಕಾಣನು, ಪಕ್ಕದಲ್ಲಿ ನಿಂತು ಬೆಲೆ ಏರಿಸುತ್ತಿರುವವನು ಯಾರೆಂದೂ ತಿಳಿಯದು. ಮಾರುವವನೇ ಬೇರೆ ಹೆಸರಿನಲ್ಲಿ, ಅಥವಾ ಅವನ ಸ್ನೇಹಿತರು, ಕೂಗಿ ಬೆಲೆ ಏರಿಸುವುದು ಅಪರಾಧ. 2004ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಇಂಥ ಮಾರಾಟಗಾರರ ಮೇಲೆ ಕ್ರಮ ಕೈಗೊಂಡು ಮೋಸಹೋದವರಿಗೆ ದುಡ್ಡು ಹಿಂದಿರುಗಿಸುವಂತೆ ಮಾಡಿತ್ತು. ಸುಳ್ಳು ಕೂಗಿನಿಂದ ಮಾರುವವರೂ ಕೆಡುತ್ತಾರೆ. 2020ರ ಮೇ ತಿಂಗಳಲ್ಲಿ ಬಾಂಗ್ಲಾದೇಶದ ಮುಷ್ಫಿಕುರ್ ರಹೀಂ, 2013ರಲ್ಲಿ ಗಾಲ್‌ನಲ್ಲಿ ತಮ್ಮ ದೇಶದ ಮೊದಲ ಟೆಸ್ಟ್ ದ್ವಿಶತಕ ಹೊಡೆದ ಬ್ಯಾಟನ್ನು ಕೊರೋನಾ ಸಂತ್ರಸ್ತರಿಗಾಗಿ ಹರಾಜಿಗಿಟ್ಟರು. ಕೊಳ್ಳುವ ಇರಾದೆಯೇ ಇಲ್ಲದವರು ಬೆಲೆಯನ್ನು ಆಕಾಶಕ್ಕೆ ಏರಿಸಿ ಹರಾಜನ್ನೇ ನಿಲ್ಲಿಸಬೇಕಾಯಿತು. ಕೊನೆಗೆ ಪಾಕಿಸ್ತಾನದ ಶಾಹಿದ್ ಅಫ್ರಿದಿ ಅವರ ಪ್ರತಿಷ್ಠಾನ 20,000 ಡಾಲರಿಗೆ ಅದನ್ನು ಕೊಂಡಿತು.

ಏಪ್ರಿಲ್‌ನಲ್ಲಿ ತಾತ ಬಂದರು. ಹುಡುಗ ಅವರ ಮುಂದೆ ನಿಲ್ಲಲು ಹೆದರಿ ಎರಡು ದಿನ ತಪ್ಪಿಸಿಕೊಂಡು ಓಡಾಡಿದ. ಮೂರನೆಯ ದಿನ ಹರಾಜಿನ ಚಿತ್ರಗಳನ್ನೂ ಪ್ರಮಾಣಪತ್ರವನ್ನೂ ಮುದ್ರಿಸಿ ತಂದು ಅವರ ಕೈಗೆ ಕೊಟ್ಟ. ತಾತ ಕನ್ನಡಕ ಏರಿಸಿ ಪ್ರಮಾಣಪತ್ರ ಓದಿದರು. "ಮದರಾಸ್ ಟೆಸ್ಟಿನಲ್ಲಿ ಶತಕ ಬಾರಿಸಿದ ಬ್ಯಾಟ್" ಎಂದು ಅದರಲ್ಲಿತ್ತು.

"ಶತಕ ಎಲ್ಲಿಂದ ಬಂತೋ ಪುಟ್ಟಾ? ತೊಂಬತ್ತೇಳು! ಕೊನೇ ವಿಕೆಟ್ ಬಿದ್ದಾಗ ವಿಶಿ ತೊಂಬತ್ತೇಳಕ್ಕೆ ಔಟಾಗದೆ ನಿಂತಿದ್ದ. ಆ ಮೂರು ರನ್ನಿಗೆ ನಾವು ಕಾರ್ಖಾನೆ ಗೇಟಿನ ಹತ್ತಿರ ನಿಂತು ಎಷ್ಟು ಹೊಟ್ಟೆ ಉರ್ಕೊಂಡಿದ್ದೀವಿ. ಇವನು ಯಾವನೋ ಕೂತ ಜಾಗದಲ್ಲೇ ಮೂರು ರನ್ ಹೊಡೆದುಬಿಟ್ಟಿದ್ದಾನಲ್ಲ!"

"ನೀವು ಎಷ್ಟು ಸಲ ಹೇಳಿದ್ರಿ ತಾತ. ನಾನು ಸರಿಯಾಗಿ ಕೇಳಿಸ್ಕೊಂಡಿರಲಿಲ್ಲ," ಎಂದನಂತೆ ಹುಡುಗ.

"ಈಗ ಕೇಳಿಸ್ಕೋ. ಈ ಅಂಚು ನೋಡು. ಆ ಕಾಲದ ಬ್ಯಾಟಿಗೆ ಇಷ್ಟು ದಪ್ಪ ಅಂಚು ಎಲ್ಲಿತ್ತು? ಇದು ಸೌದೆ ಸೀಳೋ ಬ್ಯಾಟು."

ಮುಂದಿನ ಭಾನುವಾರ ತಾತ ನಮ್ಮ ತರಗತಿಗೆ ಬಂದರು. ಅಂದು ವ್ಯಾಕರಣ ಪಾಠ ಬಿಟ್ಟೆವು. ಅವರು ಹೇಳಿದ್ದನ್ನೂ ನಾವು ಹುಡುಕಿ ತಿಳಿದುಕೊಂಡದ್ದನ್ನೂ ಸೇರಿಸಿ ಕೆಳಗೆ ಬರೆದಿದ್ದೇವೆ.

ಸಂಗ್ರಹಕ್ಕಾಗಿ ಕೊಳ್ಳುವ ಬ್ಯಾಟ್, ಚೆಂಡು, ಅಂಗಿ ಇವುಗಳಲ್ಲಿ ವಸ್ತುವಿಗಿಂತ ಅದರ ಕಥೆಗೇ ಬೆಲೆ. ಹಾಗಾಗಿ ಕಳ್ಳರು ನಕಲು ಮಾಡುವುದೂ ಕಥೆಯನ್ನೇ. ಕಥೆಯಲ್ಲಿ ದಿನಾಂಕ, ಊರು, ರನ್ನು ಇರುತ್ತವೆ. ಹಳೆಯ ಪಂದ್ಯಗಳ ಸ್ಕೋರು ಪಟ್ಟಿ ಈಗ ಎಲ್ಲರಿಗೂ ಸಿಗುವುದರಿಂದ ಮೊದಲ ಪರೀಕ್ಷೆಗೆ ಐದು ನಿಮಿಷ ಸಾಕು. ನಮ್ಮ ಹುಡುಗ ಆ ಐದು ನಿಮಿಷ ಕೊಟ್ಟಿದ್ದರೆ 97 ಕಂಡಿರುತ್ತಿತ್ತು. ಮುಂದಿನದು ಕಾಲಕ್ಕೆ ತಕ್ಕ ವಸ್ತು ಹೌದೇ ಎಂಬುದು. ಬ್ಯಾಟಿನ ಅಂಚು 40 ಮಿ.ಮೀ.ಗಿಂತ, ಒಟ್ಟು ದಪ್ಪ 67 ಮಿ.ಮೀ.ಗಿಂತ ಹೆಚ್ಚಿರಬಾರದು ಎಂಬ ನಿಯಮ 2017ರ ಅಕ್ಟೋಬರಿನಲ್ಲಿ ಬಂತು. ಅದು ಬಂದದ್ದೇ ಬ್ಯಾಟುಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋದದ್ದಕ್ಕೆ. ಎಪ್ಪತ್ತರ ದಶಕದ ಬ್ಯಾಟುಗಳ ಅಂಚು ಅದರ ಹತ್ತಿರವೂ ಬರುವುದಿಲ್ಲ. ಸ್ಟಿಕರುಗಳೂ ಸಾಕ್ಷಿ ಹೇಳುತ್ತವೆ. 1996ರ ವಿಶ್ವಕಪ್‌ನಲ್ಲಿ ಸಚಿನ್ ತೆಂಡೂಲ್ಕರ್ ಅವರ ಬ್ಯಾಟಿನ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ, ಎಂ.ಆರ್.ಎಫ್. ಸ್ಟಿಕರ್ ಬಂದದ್ದು ಆ ವಿಶ್ವಕಪ್ ಮುಗಿದ ಮೇಲೆ. ಯಾರಾದರೂ ಎಂ.ಆರ್.ಎಫ್. ಇರುವ "1996ರ ವಿಶ್ವಕಪ್ ಬ್ಯಾಟ್" ಮಾರಲು ಬಂದರೆ ನಮಸ್ಕಾರ ಹೇಳಿ ಕಳಿಸಬಹುದು. ವಿಶ್ವಕಪ್ ಪಂದ್ಯಗಳಲ್ಲಿ ಅಂಗಿಯ ಎದೆಯ ಮೇಲೆ ದೇಶದ ಹೆಸರಿರುತ್ತದೆ, ತಂಡದ ಪ್ರಾಯೋಜಕರ ಹೆಸರನ್ನು ಅಲ್ಲಿ ಹಾಕುವಂತಿಲ್ಲ. ಐಸೆನ್‌ಹೋವರ್ ಪಾರ್ಕಿನಲ್ಲಿ ಆಟಗಾರರು ತೊಟ್ಟದ್ದು ಎಂದು ಎದೆ ತುಂಬ ಕಂಪನಿಯ ಹೆಸರಿರುವ ಅಂಗಿ ಬಂದರೆ, ಅದು ಆ ಮೈದಾನ ಕಂಡ ಅಂಗಿಯಲ್ಲ.

ಹಸ್ತಾಕ್ಷರದ ವಿಷಯದಲ್ಲಿ ನಾವು ಪರಿಣತರಲ್ಲ. ಆದರೂ ಒಂದು ಮಾತು ಹೇಳಬಹುದು. ಬ್ಯಾಟಿನ ಮೇಲೆ ಕಾರ್ಖಾನೆಯಲ್ಲೇ ಅಚ್ಚು ಹಾಕಿದ ಹಸ್ತಾಕ್ಷರವೂ ಇರುತ್ತದೆ, ಅದಕ್ಕೆ ಅಂಗಡಿಯ ಬೆಲೆಗಿಂತ ಹೆಚ್ಚು ಕೊಡಬೇಕಾಗಿಲ್ಲ. ಕೈಯಲ್ಲಿ ಬರೆದದ್ದಾದರೆ ಭೂತಗನ್ನಡಿಯಲ್ಲಿ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಕಾಣುತ್ತದೆ. ಗೆರೆ ಗೆರೆಯನ್ನು ದಾಟುವಲ್ಲಿ ಶಾಯಿ ಗಾಢವಾಗುತ್ತದೆ. ಅಚ್ಚಿನಲ್ಲಿ ಎಲ್ಲ ಒಂದೇ ಸಮ. ಬ್ಯಾಟನ್ನು ನಿಜವಾಗಿ ಗುರುತಿಸಲು ಇನ್ನೊಂದು ದಾರಿ ಮರದ ಗೆರೆಗಳು. ವಿಲೋ ಮರದ ಎಳೆ ಒಂದು ಬ್ಯಾಟಿನಲ್ಲಿದ್ದಂತೆ ಇನ್ನೊಂದರಲ್ಲಿರುವುದಿಲ್ಲ, ಬೆರಳ ಗುರುತಿನ ಹಾಗೆ. ದೊಡ್ಡ ಬೆಲೆಯ ಬ್ಯಾಟಾದರೆ ಪಂದ್ಯದ ದಿನದ ಫೋಟೊದಲ್ಲಿ ಕಾಣುವ ಎಳೆ, ಗಂಟು, ಕಲೆಗಳನ್ನು ಮಾರುವ ಬ್ಯಾಟಿಗೆ ಹೋಲಿಸಿ ನೋಡುತ್ತಾರೆ.

ಪ್ರಮಾಣಪತ್ರವನ್ನು ಮಾತ್ರ ನಂಬಿ ಕೂರಬಾರದು. ಮನೆಯ ಪ್ರಿಂಟರಿನಲ್ಲಿ ಯಾರು ಬೇಕಾದರೂ ಬಂಗಾರದ ಅಂಚಿನ ಕಾಗದ ಮಾಡಬಹುದು. ಈ ದೇಶದಲ್ಲಿ ಇದನ್ನು ಎಲ್ಲರಿಗೂ ಮನವರಿಕೆ ಮಾಡಿಸಿದ್ದು ಎಫ್.ಬಿ.ಐ.ನವರ ಆಪರೇಷನ್ ಬುಲ್‌ಪೆನ್. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಂದು ಗುಂಪು ಬೇಸ್‌ಬಾಲ್ ಆಟಗಾರರ ಸುಳ್ಳು ಹಸ್ತಾಕ್ಷರ ಹಾಕಿ ದೇಶದ ತುಂಬ ಮಾರುತ್ತಿತ್ತು, ಪ್ರತಿಯೊಂದಕ್ಕೂ ಪ್ರಮಾಣಪತ್ರ ಜೊತೆಗೆ. 1999ರ ಅಕ್ಟೋಬರಿನಲ್ಲಿ ದಾಳಿ ನಡೆದು ಗುಂಪು ಸಿಕ್ಕಿಬಿತ್ತು. ಅವರು ಮಾಡಿದ ಸರಕಿನಲ್ಲಿ ಮದರ್ ತೆರೇಸಾ ಅವರ ಹಸ್ತಾಕ್ಷರವಿದ್ದ ಬೇಸ್‌ಬಾಲ್ ಕೂಡ ಇತ್ತು! ಸ್ಯಾನ್ ಡಿಯಾಗೊ ತಂಡದ ಟೋನಿ ಗ್ವಿನ್ ತಮ್ಮ ತಂಡದ ಅಂಗಡಿಯಲ್ಲೇ ತಾವು ಹಾಕದ ಹಸ್ತಾಕ್ಷರ ಕಂಡು ತಿಳಿಸಿದ್ದೂ ಉಂಟು. ಆ ಬಳಿಕ 2001ರಲ್ಲಿ ಬೇಸ್‌ಬಾಲ್ ಲೀಗ್ ತನ್ನದೇ ವ್ಯವಸ್ಥೆ ಮಾಡಿತು. ಮೈದಾನದಲ್ಲೇ ಸಾಕ್ಷಿ ನಿಂತು ನೋಡಿ ವಸ್ತುವಿಗೆ ಹಾಲೊಗ್ರಾಂ ಅಂಟಿಸುತ್ತಾರೆ. ಅದರ ಸಂಖ್ಯೆಯನ್ನು ಲೀಗಿನ ತಾಣದಲ್ಲಿ ಹಾಕಿದರೆ ಯಾವ ಪಂದ್ಯದ ವಸ್ತು ಎಂದು ತಿಳಿಯುತ್ತದೆ. ಮಕ್ಕಳು ಬೇಸ್‌ಬಾಲ್ ವಸ್ತು ಕೇಳಿದರೆ ಮೊದಲು ಆ ಸಂಖ್ಯೆ ನೋಡಿ. ಹಳೆಯ ಕ್ರಿಕೆಟ್ ವಸ್ತುವಿಗೆ ಅಂಥ ಅನುಕೂಲವಿಲ್ಲ. ಆಟಗಾರರಿಂದ ಯಾರಿಗೆ ಬಂತು, ಯಾವಾಗ ಬಂತು, ಅಲ್ಲಿಂದ ನಿಮ್ಮ ಕೈಗೆ ಹೇಗೆ ಬಂತು ಎಂದು ಮಾರುವವರನ್ನೇ ಕೇಳಬೇಕು. ನಿಜವಾಗಿ ಇಟ್ಟುಕೊಂಡವರಿಗೆ ಈ ಪ್ರಶ್ನೆ ಕೇಳಿದರೆ ಖುಷಿ, ಹೇಳುತ್ತಲೇ ಹೋಗುತ್ತಾರೆ. ಕಳ್ಳರಿಗೆ ಸಿಟ್ಟು ಬರುತ್ತದೆ.

ಬೆಲೆಯೂ ಮಾತಾಡುತ್ತದೆ. 2020ರ ಏಪ್ರಿಲ್‌ನಲ್ಲಿ ನಮ್ಮ ಕೆ. ಎಲ್. ರಾಹುಲ್ ಮಕ್ಕಳ ನೆರವಿಗಾಗಿ ತಮ್ಮ ವಸ್ತುಗಳನ್ನು ಹರಾಜಿಗಿಟ್ಟಾಗ 2019ರ ವಿಶ್ವಕಪ್‌ನ ಬ್ಯಾಟಿಗೆ 2,64,228 ರೂಪಾಯಿ ಬಂತು. 2024ರ ಆಗಸ್ಟಿನಲ್ಲಿ ರಾಹುಲ್ ದಂಪತಿ ನಡೆಸಿದ ಇನ್ನೊಂದು ಹರಾಜಿನಲ್ಲಿ ದ್ರಾವಿಡ್ ಅವರ ಬ್ಯಾಟು 11 ಲಕ್ಷಕ್ಕೆ ಹೋಯಿತು, ಅಂದರೆ ಸುಮಾರು ಹದಿಮೂರು ಸಾವಿರ ಡಾಲರ್. ಹಾಗಿರುವಾಗ ಮದರಾಸ್ ಟೆಸ್ಟಿನ ವಿಶ್ವನಾಥ್ ಬ್ಯಾಟು 285 ಡಾಲರಿಗೆ ಸಿಗುತ್ತದೆಯೇ? ಅಗ್ಗಕ್ಕೆ ಸಿಕ್ಕಿತೆಂಬ ಸಂತೋಷ ಬಂದ ಕೂಡಲೇ ಅನುಮಾನವೂ ಬರಬೇಕಿತ್ತು. ದೊಡ್ಡವರಾದ ನಮಗೂ ಅಗ್ಗ ಎಂದರೆ ಅನುಮಾನ ಬರುವುದು ನಿಧಾನ, ಹಿಲ್‌ಸೈಡ್ ಅವೆನ್ಯೂ ಅಂಗಡಿಗಳ ರಿಯಾಯಿತಿ ದಿನಗಳಲ್ಲಿ ನಮ್ಮನ್ನು ನೋಡಿದವರಿಗೆ ಇದು ಗೊತ್ತು.

ಮಾರುವವರ ಬಗ್ಗೆ ಉಳಿದವರು ಬರೆದ ಅಭಿಪ್ರಾಯ ಓದುವಾಗ ಎಷ್ಟು ಜನ ಹೊಗಳಿದ್ದಾರೆ ಎಂದು ಎಣಿಸಿದರೆ ಸಾಲದು, ಏನು ಮಾರಿದ್ದಕ್ಕೆ ಹೊಗಳಿದ್ದಾರೆ ಎಂದು ನೋಡಬೇಕು. ಎರಡು ವರ್ಷ ಫೋನಿನ ಕವರು ಮಾರಿದ ಖಾತೆಯಿಂದ ಇದ್ದಕ್ಕಿದ್ದಂತೆ ಹಳೆಯ ಬ್ಯಾಟುಗಳು ಬರತೊಡಗಿದರೆ, ಆ ಖಾತೆ ಕದ್ದದ್ದಿರಬಹುದು. ಚಿತ್ರವನ್ನು ಹುಡುಕುವ ಯಂತ್ರಕ್ಕೆ ಕೊಟ್ಟರೆ ಅದೇ ಚಿತ್ರ ಬೇರೆಲ್ಲಿದೆ ಎಂದು ತೋರಿಸುತ್ತದೆ. ನಮ್ಮ ಹುಡುಗ ಕಂಡ ಚಿತ್ರಗಳಲ್ಲಿ ಒಂದು ಬೇರೆ ದೇಶದ ಅಂಗಡಿಯೊಂದರ ತಾಣದಲ್ಲಿ ಸಿಕ್ಕಿತು. ಬ್ಯಾಟಿನ ಪಕ್ಕದಲ್ಲಿ ನಾವು ಹೇಳಿದ ಮಾತು ಬರೆದ ಚೀಟಿಯಿಟ್ಟು ಹೊಸ ಫೋಟೊ ಕಳಿಸಿ ಎಂದು ಕೇಳುವುದು ಒಳ್ಳೆಯ ಉಪಾಯವಾಗಿತ್ತು. ಈಗ ಕಂಪ್ಯೂಟರೇ ಅಂಥ ಚಿತ್ರ ಬರೆದುಕೊಡುವುದರಿಂದ, ಬೆಲೆ ದೊಡ್ಡದಾದರೆ ವೀಡಿಯೊ ಕರೆಯಲ್ಲಿ ಬ್ಯಾಟನ್ನು ತಿರುಗಿಸಿ ತೋರಿಸಲು ಕೇಳಿ.

ಇಷ್ಟೆಲ್ಲ ನೋಡಿಯೂ ಮೋಸಹೋಗಬಹುದು. ಆಗ ನೆರವಿಗೆ ಬರುವುದು ದುಡ್ಡು ಕಟ್ಟಿದ ದಾರಿ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ, ಬಿಲ್ ಬಂದ 60 ದಿನಗಳೊಳಗೆ ಬರೆದು ತಕರಾರು ಹೇಳುವ ಹಕ್ಕು ಈ ದೇಶದ ಕಾನೂನಿನಲ್ಲಿದೆ. ಪೇಪಾಲ್‌ನಲ್ಲಿ ವಸ್ತು ಕೊಳ್ಳುವ ಬಾಬ್ತಿನಲ್ಲಿ ಕಟ್ಟಿದ್ದರೆ 180 ದಿನಗಳವರೆಗೆ ದೂರು ಕೊಡಬಹುದು. ಸ್ನೇಹಿತರಿಗೆ, ಮನೆಯವರಿಗೆ ಕಳಿಸುವ ಬಾಬ್ತಿನಲ್ಲಿ ಕಳಿಸಿದ್ದರೆ ಆ ರಕ್ಷಣೆ ಇಲ್ಲ. ಶುಲ್ಕ ಉಳಿಯುತ್ತದೆ, ಸ್ನೇಹಿತರೆಂದು ಕಳಿಸಿ ಎಂದು ಮಾರುವವರು ಕೇಳುವುದು ಅದಕ್ಕೇ. ಬ್ಯಾಂಕಿನ ಆ್ಯಪಿನಿಂದ ನೇರವಾಗಿ ಕಳಿಸಿದ್ದು, ವೆಸ್ಟರ್ನ್ ಯೂನಿಯನ್, ಗಿಫ್ಟ್ ಕಾರ್ಡಿನ ಸಂಖ್ಯೆ ಇವೆಲ್ಲ ಕೈಯಲ್ಲಿ ನಗದು ಕೊಟ್ಟ ಹಾಗೆ. ಗಿಫ್ಟ್ ಕಾರ್ಡ್ ಕೇಳಿದವರು ಕಳ್ಳರೇ, ಇದರಲ್ಲಿ ಎರಡು ಮಾತಿಲ್ಲ.

ಕೂಗುವ ಮೊದಲು ಗರಿಷ್ಠ ಎಷ್ಟು ಎಂದು ಕಾಗದದ ಮೇಲೆ ಬರೆದು ಮನೆಯಲ್ಲಿ ಒಬ್ಬರಿಗೆ ತೋರಿಸುವುದನ್ನು ನಮ್ಮ ತರಗತಿಯಲ್ಲಿ ನಿಯಮ ಮಾಡಿದ್ದೇವೆ. ಮೊತ್ತಕ್ಕಿಂತ "ತೋರಿಸುವುದು" ಮುಖ್ಯ. ನಮ್ಮ ಹುಡುಗನ ದುಡ್ಡು ಹೋದದ್ದು ಒಂದು ಸಂಜೆಯಲ್ಲಿ, ಆದರೆ ನಾಚಿಕೆಯಿಂದ ಮುಚ್ಚಿಟ್ಟ ಏಳು ವಾರಗಳಲ್ಲಿ ಅವನು ಊಟ ಬಿಟ್ಟ, ಗಣಿತದಲ್ಲಿ ಹಿಂದೆ ಬಿದ್ದ. ತಂದೆ ತಾಯಂದಿರಿಗೆ ನಮ್ಮ ಬೇಡಿಕೆ ಇಷ್ಟೇ: ಮಕ್ಕಳು ಇಂಥ ಸುದ್ದಿ ತಂದ ದಿನ ಬೈಗಳನ್ನು ನಾಳೆಗೆ ಇಟ್ಟುಕೊಳ್ಳಿ. ಮೊದಲ ದಿನ ಬ್ಯಾಂಕಿಗೆ, ತಾಣಕ್ಕೆ ತಿಳಿಸುವುದಿದೆ, ಎಫ್.ಬಿ.ಐ.ನ ಅಂತರ್ಜಾಲ ಅಪರಾಧ ದೂರು ಕೇಂದ್ರದಲ್ಲಿ ದೂರು ಬರೆಯುವುದಿದೆ. ಆ ಕೇಂದ್ರ 2000ದಲ್ಲಿ ಶುರುವಾದ ಮೊದಲ ವರ್ಷಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಂದ ದೂರು ಹರಾಜಿನ ಮೋಸದ್ದೇ. ಸರಕು ಅಂಚೆಯಲ್ಲಿ ಬಂದು ನಕಲಿ ಎಂದು ಗೊತ್ತಾದರೆ ಅಂಚೆ ಇಲಾಖೆಯ ಇನ್‌ಸ್ಪೆಕ್ಟರುಗಳಿಗೂ ತಿಳಿಸಬಹುದು. ನಾವೂ ದೂರು ಬರೆದೆವು, ಹುಡುಗನೇ ಟೈಪ್ ಮಾಡಿದ. ದುಡ್ಡು ಇದುವರೆಗೆ ಬಂದಿಲ್ಲ.

ಬ್ಯಾಟಿನ ಆ ಮುದ್ರಿತ ಚಿತ್ರ ಮತ್ತು ಪ್ರಮಾಣಪತ್ರ ಈಗ ನಮ್ಮ ತರಗತಿಯ ಗೋಡೆಯ ಮೇಲಿವೆ. ತಪ್ಪು ಕಂಡಲ್ಲಿ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕುವುದು ಮಕ್ಕಳ ಆಟ. ಮೊದಲ ಸುತ್ತು ತಾತ ಹಾಕಿದ್ದು, "ಶತಕ" ಎಂಬ ಪದಕ್ಕೆ. ಜೂನ್ ಹೊತ್ತಿಗೆ ಎಂಟು ಸುತ್ತುಗಳಾಗಿದ್ದವು, ಇನ್ನು ಮುಗಿಯಿತು ಎಂದುಕೊಂಡಿದ್ದೆವು. ಕಳೆದ ತಿಂಗಳು ಆರನೆಯ ತರಗತಿಯ ಹುಡುಗಿಯೊಬ್ಬಳು ಕುರ್ಚಿ ಹತ್ತಿ ನಿಂತು, ಬ್ಯಾಟಿನ ಹಿಡಿಯ ಕೆಳಗೆ ಅರ್ಧ ಕಿತ್ತ ಬಿಳಿ ಚೀಟಿಯೊಂದನ್ನು ತೋರಿಸಿದಳು. ಅದರ ಮೇಲೆ ಕಪ್ಪು ಗೆರೆಗಳು. ಬಾರ್‌ಕೋಡ್. ಅಂಗಡಿಯಲ್ಲಿ ಬಾರ್‌ಕೋಡನ್ನು ಮೊದಲ ಸಲ ಓದಿಸಿದ್ದು ಓಹಾಯೋದ ಒಂದು ಸೂಪರ್‌ಮಾರ್ಕೆಟಿನಲ್ಲಿ, 1974ರ ಜೂನ್‌ನಲ್ಲಿ, ಚೂಯಿಂಗ್ ಗಮ್ ಪೊಟ್ಟಣದ ಮೇಲಿನದು. ಏಳು ತಿಂಗಳಲ್ಲಿ ಅದು ಮದರಾಸಿನಲ್ಲಿ ವಿಶಿ ಹಿಡಿದ ಬ್ಯಾಟಿಗೆ ಹೇಗೆ ಬಂತು ಎಂದು ಅವಳು ಕೇಳಿದಳು. ಹುಡುಗ ಎದ್ದು ಹೋಗಿ ಕೆಂಪು ಪೆನ್ಸಿಲ್ ತಂದು ಅವಳ ಕೈಗೆ ಕೊಟ್ಟ.